ಕಪ್ ಗೆದ್ದವರಿಗೆ ಕಡಿಮೆ, ಸೋತವರಿಗೆ ಹೆಚ್ಚು: ಫುಟ್‌ಬಾಲ್ ದುಡ್ಡಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಪುರುಷರಿಗೂ ಮಹಿಳೆಯರಿಗೂ ಸಿಗುವ ಹಣದಲ್ಲಿ ನಿಜಕ್ಕೂ ಎಷ್ಟು ಅಂತರವಿದೆ? ಒಂದೊಂದು ಪತ್ರಿಕೆ ಒಂದೊಂದು ಲೆಕ್ಕ ಕೊಡುತ್ತದೆ.
*– ಓದುಗರು, ಶಿವಮೊಗ್ಗ*

2022ರ ಕತಾರ್ ವಿಶ್ವಕಪ್‌ನಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಹಂಚಿದ ಬಹುಮಾನ 44 ಕೋಟಿ ಡಾಲರ್. ಮರುವರ್ಷ ಆಸ್ಟ್ರೇಲಿಯಾ–ನ್ಯೂಜಿಲೆಂಡ್‌ನಲ್ಲಿ ನಡೆದ ಮಹಿಳಾ ವಿಶ್ವಕಪ್‌ನಲ್ಲಿ 11 ಕೋಟಿ. ಕೆಲವರು 15.2 ಕೋಟಿ ಎಂದು ಬರೆದರು. ಅದೂ ಸುಳ್ಳಲ್ಲ. ಆದರೆ ಅದರಲ್ಲಿ ತಂಡಗಳ ತಯಾರಿ ಖರ್ಚು, ಆಟಗಾರ್ತಿಯರನ್ನು ಬಿಟ್ಟುಕೊಟ್ಟ ಕ್ಲಬ್‌ಗಳ ಪಾಲು ಎಲ್ಲವೂ ಸೇರಿವೆ. ಹೋಲಿಸುವುದಾದರೆ ಬಹುಮಾನಕ್ಕೆ ಬಹುಮಾನವನ್ನೇ ಹೋಲಿಸಬೇಕು.

ಒಟ್ಟು ಮೊತ್ತಕ್ಕಿಂತ ತಂಡದ ಲೆಕ್ಕ ನೋಡಿದರೆ ವಿಷಯ ಬೇಗ ಅರ್ಥವಾಗುತ್ತದೆ. 2023ರಲ್ಲಿ ಕಪ್ ಗೆದ್ದ ಸ್ಪೇನ್‌ನ ಫೆಡರೇಷನ್‌ಗೆ 42.9 ಲಕ್ಷ ಡಾಲರ್, 23 ಆಟಗಾರ್ತಿಯರಿಗೆ ತಲಾ 2.7 ಲಕ್ಷ. ಎಲ್ಲ ಸೇರಿ 1.05 ಕೋಟಿ. ಕತಾರ್‌ನಲ್ಲಿ ಗೆದ್ದ ಅರ್ಜೆಂಟೀನಾಕ್ಕೆ ಬಂದದ್ದು 4.2 ಕೋಟಿ. ಅಲ್ಲಿ ಗುಂಪು ಹಂತದಲ್ಲೇ ಸೋತು ಊರಿಗೆ ಮರಳಿದ ತಂಡಕ್ಕೂ 90 ಲಕ್ಷ ಸಿಕ್ಕಿತ್ತು. ಅಂದರೆ ಜಗತ್ತನ್ನೇ ಗೆದ್ದ ಮಹಿಳಾ ತಂಡಕ್ಕೆ, ಮೊದಲ ಹಂತವನ್ನೂ ದಾಟದ ಪುರುಷರ ತಂಡಕ್ಕಿಂತ ಸ್ವಲ್ಪವೇ ಹೆಚ್ಚು.

ಇದೂ ಸುಧಾರಿಸಿದ ಸ್ಥಿತಿ. ಮಹಿಳಾ ವಿಶ್ವಕಪ್ 1991ರಲ್ಲೇ ಶುರುವಾದರೂ 2007ರವರೆಗೆ ಬಹುಮಾನದ ಹಣವೇ ಇರಲಿಲ್ಲ. 2015ರಲ್ಲಿ 1.5 ಕೋಟಿ, 2019ರಲ್ಲಿ 3 ಕೋಟಿ ಡಾಲರ್ ಆಯಿತು. ಹಾಗೆಂದು ಅತ್ತ ಕಡೆಯ ಮೊತ್ತ ನಿಂತಲ್ಲೇ ನಿಂತಿಲ್ಲ. 2026ರ ಪುರುಷರ ವಿಶ್ವಕಪ್‌ಗೆ ಫಿಫಾ ಪ್ರಕಟಿಸಿದ ಬಹುಮಾನ 65.5 ಕೋಟಿ.

ಪ್ರಶ್ನೆ: ಅಮೆರಿಕದ ಆಟಗಾರ್ತಿಯರು ಸಮಾನ ವೇತನದ ಕೇಸು ಗೆದ್ದರು ಎಂದು ಓದಿದ್ದೆ. ಕೋರ್ಟ್‌ನಲ್ಲಿ ಸೋತರು ಎಂದು ಗೆಳೆಯ ವಾದ ಮಾಡುತ್ತಾನೆ. ಯಾವುದು ಸರಿ?
*– ಓದುಗರು, ಹುಬ್ಬಳ್ಳಿ*

ನಿಮ್ಮ ಗೆಳೆಯ ಹೇಳುವುದೂ ಸರಿ. ತಂಡದ 28 ಆಟಗಾರ್ತಿಯರು 2019ರ ಮಾರ್ಚ್ 8ರಂದು ತಮ್ಮ ಫೆಡರೇಷನ್ ಮೇಲೆ ದಾವೆ ಹೂಡಿದರು. 2020ರ ಮೇ ತಿಂಗಳಲ್ಲಿ ನ್ಯಾಯಾಧೀಶರು ವೇತನದ ಭಾಗವನ್ನು ತಳ್ಳಿಹಾಕಿದರು. ಮಹಿಳಾ ತಂಡಕ್ಕೆ ಪಂದ್ಯಕ್ಕೆ ಸರಾಸರಿ 2.2 ಲಕ್ಷ ಡಾಲರ್, ಪುರುಷರ ತಂಡಕ್ಕೆ 2.13 ಲಕ್ಷ ಬಂದಿದೆ, ಹೆಚ್ಚು ಸಿಕ್ಕವರು ದೂರುವುದೇನು ಎಂಬುದು ಅವರ ತರ್ಕ. ಮೇಲಾಗಿ ಪುರುಷರು ಆಡಿದರಷ್ಟೇ ಹಣ ಎಂಬ ಒಪ್ಪಂದದಲ್ಲಿದ್ದರು. ಮಹಿಳೆಯರು ನಿಗದಿತ ಸಂಬಳ, ವಿಮೆ, ಹೆರಿಗೆ ರಜೆ ಕೇಳಿ ಪಡೆದಿದ್ದರು.

ಈ ಲೆಕ್ಕದಲ್ಲಿ ಒಂದು ಓರೆ ಇದೆ. ಸರಾಸರಿ ಹೆಚ್ಚಾದದ್ದು ದರ ಹೆಚ್ಚಿದ್ದರಿಂದಲ್ಲ, ಗೆದ್ದದ್ದು ಹೆಚ್ಚಾದ್ದರಿಂದ. ಲೆಕ್ಕಕ್ಕೆ ಹಿಡಿದ 2015–2019ರ ಅವಧಿಯಲ್ಲಿ ಅವರು ಎರಡು ವಿಶ್ವಕಪ್ ಗೆದ್ದರು. ಪುರುಷರು 2018ರ ವಿಶ್ವಕಪ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. ದಿನಕ್ಕೆ ಹತ್ತು ಗಂಟೆ ದುಡಿದವರಿಗೂ ಐದು ಗಂಟೆ ದುಡಿದವರಿಗೂ ಸಂಜೆ ಒಂದೇ ಮೊತ್ತ ಸಿಕ್ಕರೆ ಕೂಲಿ ಸಮ ಎನ್ನುವಂತಿದೆ ಇದು.

ಮೇಲ್ಮನವಿ ಬಾಕಿ ಇರುವಾಗಲೇ, 2022ರ ಫೆಬ್ರುವರಿಯಲ್ಲಿ, 2.4 ಕೋಟಿ ಡಾಲರ್‌ಗೆ ರಾಜಿಯಾಯಿತು. 2.2 ಕೋಟಿ ಆಟಗಾರ್ತಿಯರಿಗೆ, 20 ಲಕ್ಷ ಅವರ ನಿವೃತ್ತಿ ನಂತರದ ಬದುಕಿಗೆ ಮತ್ತು ಮಹಿಳಾ ಫುಟ್‌ಬಾಲ್‌ನ ಸೇವಾಕಾರ್ಯಗಳಿಗೆ. ಜತೆಗೊಂದು ಷರತ್ತು: ಹೊಸ ಒಪ್ಪಂದ ಆಗಲೇಬೇಕು. ಅಸಲಿ ಗೆಲುವು ಮೇ ತಿಂಗಳಲ್ಲಿ ಘೋಷಣೆಯಾದ, 2028ರವರೆಗಿನ ಆ ಒಪ್ಪಂದದಲ್ಲಿದೆ. ಎರಡೂ ತಂಡಗಳ ವಿಶ್ವಕಪ್ ಬಹುಮಾನವನ್ನು ಒಂದೇ ಗಂಟಿಗೆ ಹಾಕಿ, ಫೆಡರೇಷನ್ ತನ್ನ ಪಾಲು ತೆಗೆದ ಮೇಲೆ ಉಳಿದದ್ದನ್ನು ಅರ್ಧರ್ಧ ಹಂಚುವುದು. 2022–23ಕ್ಕೆ ಫೆಡರೇಷನ್ ಪಾಲು ಶೇ 10, 2026–27ಕ್ಕೆ ಶೇ 20.

ಲೆಕ್ಕ ಹಾಕಿ ನೋಡಿ. ಕತಾರ್‌ನಲ್ಲಿ ಪ್ರೀ-ಕ್ವಾರ್ಟರ್‌ಫೈನಲ್‌ನಲ್ಲಿ ಸೋತ ಅಮೆರಿಕ ಪುರುಷರ ತಂಡಕ್ಕೆ ಬಂದದ್ದು 1.3 ಕೋಟಿ ಡಾಲರ್. ಫೆಡರೇಷನ್‌ನ 13 ಲಕ್ಷ ಕಳೆದರೆ 1.17 ಕೋಟಿ, ಅದರಲ್ಲಿ ಅರ್ಧ ಅಂದರೆ 58.5 ಲಕ್ಷ ಮಹಿಳೆಯರಿಗೆ. ಇದೇ ಮಹಿಳೆಯರು 2015 ಮತ್ತು 2019ರಲ್ಲಿ ಎರಡು ಕಪ್ ಗೆದ್ದಾಗ ಫಿಫಾದಿಂದ ಬಂದ ಬಹುಮಾನ ಒಟ್ಟು 60 ಲಕ್ಷ!

ಪ್ರಶ್ನೆ: ಹಣ ತರುವುದು ಪುರುಷರ ಆಟ. ನೋಡುವವರಿಲ್ಲದ ಆಟಕ್ಕೆ ಸಮಪಾಲು ಕೇಳುವುದು ನ್ಯಾಯವೇ?
*– ಓದುಗರು, ಮೈಸೂರು*

ಪುರುಷರ ವಿಶ್ವಕಪ್ ಹೆಚ್ಚು ಗಳಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಎಷ್ಟು ಹೆಚ್ಚು ಎಂಬುದನ್ನು ಮಾತ್ರ ಬಹುಕಾಲ ಅಳೆಯುವಂತೆಯೇ ಇರಲಿಲ್ಲ. 2023ಕ್ಕೆ ಮುಂಚೆ ಫಿಫಾ ಮಹಿಳಾ ವಿಶ್ವಕಪ್‌ನ ಪ್ರಸಾರ ಹಕ್ಕನ್ನು ಪುರುಷರದ್ದರ ಜತೆ ಕಟ್ಟಿ ಮಾರುತ್ತಿತ್ತು. ಅಕ್ಕಿ ಕೊಂಡವರಿಗೆ ಬೆಲ್ಲ ಪುಕ್ಕಟೆ ಕೊಟ್ಟು, ಬೆಲ್ಲದಿಂದ ಆದಾಯವೇ ಇಲ್ಲ ಅಂದ ಹಾಗೆ. ಮೊದಲ ಬಾರಿ ಬೇರೆಯಾಗಿ ಮಾರಹೊರಟಾಗ ಯುರೋಪಿನ ಐದು ದೊಡ್ಡ ದೇಶಗಳ ವಾಹಿನಿಗಳು 10 ಲಕ್ಷದಿಂದ 1 ಕೋಟಿ ಡಾಲರ್‌ವರೆಗೆ ಮಾತ್ರ ಕೂಗಿದವು, ಪುರುಷರ ವಿಶ್ವಕಪ್‌ಗೆ 10ರಿಂದ 20 ಕೋಟಿ ಕೊಡುತ್ತವೆ ಎಂದು ಫಿಫಾ ಅಧ್ಯಕ್ಷ ಇನ್‌ಫ್ಯಾಂಟಿನೊ ಬಹಿರಂಗವಾಗಿ ಸಿಡುಕಿದರು. ಒಪ್ಪಂದ ಕುದುರಿದ್ದು ಪಂದ್ಯಾವಳಿಗೆ ತಿಂಗಳಷ್ಟೇ ಇದ್ದಾಗ. ಕೊನೇ ಗಳಿಗೆಯಲ್ಲಿ ಮಾರಿದ ಸರಕಿಗೆ ಒಳ್ಳೆಯ ಬೆಲೆ ಎಲ್ಲಿಂದ ಬರಬೇಕು?

ನೋಡುವವರ ವಿಷಯಕ್ಕೆ ಬಂದರೆ, 1920ರ ಡಿಸೆಂಬರ್‌ನಲ್ಲಿ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ನಡೆದ ಮಹಿಳಾ ಪಂದ್ಯಕ್ಕೆ ಸುಮಾರು 53 ಸಾವಿರ ಜನ ಸೇರಿದ್ದರು. ಮರುವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳ ಮೈದಾನದಲ್ಲಿ ಮಹಿಳೆಯರು ಆಡುವುದನ್ನು ನಿಷೇಧಿಸಿತು. ಆ ನಿಷೇಧ ಸುಮಾರು ಐವತ್ತು ವರ್ಷ ನಡೆಯಿತು.

ಪ್ರಶ್ನೆ: ಯಾವುದಾದರೂ ದೇಶ 'ಸಮಾನ ವೇತನ' ಎಂದು ಘೋಷಿಸಿದಾಗ ಅದು ನಿಜವೋ ಪ್ರಚಾರವೋ ತಿಳಿಯುವುದು ಹೇಗೆ?
*– ಓದುಗರು, ಮಂಗಳೂರು*

ಮೊದಲು ನೋಡಬೇಕಾದದ್ದು: ಸಮ ಇರುವುದು ಮೊತ್ತವೋ, ಶೇಕಡಾವಾರೋ? 2019ರ ಆಸ್ಟ್ರೇಲಿಯಾ ಒಪ್ಪಂದ ಒಳ್ಳೆಯದೇ. ವಾಣಿಜ್ಯ ಆದಾಯದಲ್ಲಿ ಎರಡೂ ತಂಡಗಳಿಗೆ ಸಮಪಾಲು ಕೊಟ್ಟಿತು. ಆದರೆ ವಿಶ್ವಕಪ್ ಬಹುಮಾನದಲ್ಲಿ ಸಮ ಮಾಡಿದ್ದು ಶೇಕಡಾವಾರನ್ನು. ಉದಾಹರಣೆಗೆ, ಪುರುಷರ 1.3 ಕೋಟಿಯ ಅರ್ಧವೂ ಮಹಿಳೆಯರ 25 ಲಕ್ಷದ ಅರ್ಧವೂ ಒಂದೇ ಅಲ್ಲವಲ್ಲ. ಅಮೆರಿಕದ ಒಂದೇ ಗಂಟಿನ ವ್ಯವಸ್ಥೆ ಮುಚ್ಚಿದ್ದು ಈ ತೂತನ್ನೇ.

ಎರಡನೆಯದು, ಹಣ ಬರುವುದು ಯಾರ ಜೇಬಿನಿಂದ. ನಾರ್ವೆಯಲ್ಲಿ 2017ರಲ್ಲಿ ಪುರುಷ ಆಟಗಾರರು ತಮ್ಮ ಜಾಹೀರಾತು ಆದಾಯದಿಂದ 5.5 ಲಕ್ಷ ಕ್ರೋನರ್ ಬಿಟ್ಟುಕೊಟ್ಟರು. ಫೆಡರೇಷನ್ ಉಳಿದದ್ದನ್ನು ಸೇರಿಸಿತು. ಮಹಿಳೆಯರ ನಿಧಿ 31 ಲಕ್ಷದಿಂದ 60 ಲಕ್ಷಕ್ಕೆ ಏರಿತು. ಮೂಲ ಹೀಗೆ ಸ್ಪಷ್ಟವಿದ್ದರೆ ಒಪ್ಪಂದ ಬಾಳುತ್ತದೆ.

ಮೂರನೆಯದು, ಹಣ ಆಟಗಾರ್ತಿಯ ಖಾತೆಗೆ ತಲುಪುವ ದಾರಿ. 2023ರಲ್ಲಿ ಪ್ರತಿ ಆಟಗಾರ್ತಿಗೆ ಕನಿಷ್ಠ 30 ಸಾವಿರ ಡಾಲರ್ ಎಂದು ಫಿಫಾ ಹೇಳಿತು. ಪಂದ್ಯಾವಳಿ ಶುರುವಾಗುವ ಹೊತ್ತಿಗೆ, ಹಣ ಹೋಗುವುದು ಫೆಡರೇಷನ್‌ಗಳ ಮೂಲಕವೇ ಎಂದಿತು. ಅದೇ ತಿಂಗಳು ದಕ್ಷಿಣ ಆಫ್ರಿಕಾದ ಆಟಗಾರ್ತಿಯರು ಹಣದ ವಿಚಾರಕ್ಕೂ ಮೈದಾನದ ಸ್ಥಿತಿಗೂ ಬೇಸತ್ತು ಬೋಟ್ಸ್ವಾನಾ ವಿರುದ್ಧದ ಅಭ್ಯಾಸ ಪಂದ್ಯಕ್ಕೆ ಇಳಿಯಲೇ ಇಲ್ಲ. ಆದ್ದರಿಂದ ಆಟಗಾರ್ತಿಯ ಪಾಲು, ಕೊಡುವ ಗಡುವು ಎರಡೂ ಕಾಗದದ ಮೇಲಿರಬೇಕು. 2025ರ ಮಹಿಳಾ ಯೂರೊ (ಯುರೋಪಿನ ದೇಶಗಳ ಕಪ್) ಪಂದ್ಯಾವಳಿಯಲ್ಲಿ ಬಹುಮಾನದ ಶೇ 30ರಿಂದ 40 ಆಟಗಾರ್ತಿಯರಿಗೇ ಸೇರಬೇಕೆಂದು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ನಿಯಮ ಮಾಡಿತು. ಆದರೆ ಅಲ್ಲಿನ ಒಟ್ಟು ಬಹುಮಾನವೇ 4.1 ಕೋಟಿ ಯೂರೊ, ಪುರುಷರ ಯೂರೊ 2024ರದ್ದು 33.1 ಕೋಟಿ.

ಪ್ರಶ್ನೆ: ಬಿಸಿಸಿಐ ಮಾಡಿದಂತೆ ನಮ್ಮ ಫುಟ್‌ಬಾಲ್ ಸಂಸ್ಥೆಯೂ ಸಮಾನ ಪಂದ್ಯ ಶುಲ್ಕ ಕೊಟ್ಟರೆ ಸಾಲದೇ?
*– ಓದುಗರು, ಬೆಂಗಳೂರು*

ಸಾಲದು. ಬಿಸಿಸಿಐ 2022ರಲ್ಲಿ ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ ಎಂದು ಪಂದ್ಯ ಶುಲ್ಕ ಸಮ ಮಾಡಿತು. ಆಗ ವಾರ್ಷಿಕ ಗುತ್ತಿಗೆಯ ಮೇಲಿನ ದರ್ಜೆಯಲ್ಲಿ ಮಹಿಳೆಗೆ 50 ಲಕ್ಷ, ಪುರುಷನಿಗೆ 7 ಕೋಟಿ ಇದ್ದದ್ದು ಹಾಗೇ ಉಳಿಯಿತು. ಮಹಿಳೆಯರಿಗೆ ಟೆಸ್ಟ್ ಸಿಗುವುದೇ ಅಪರೂಪ, ಇನ್ನು 15 ಲಕ್ಷ ಎಣಿಸುವುದು ಯಾವಾಗ?

ಫುಟ್‌ಬಾಲ್‌ನಲ್ಲಿ ಪಂದ್ಯಗಳೇ ಕೊರತೆ. ಆಡದೇ ಇದ್ದುದಕ್ಕೆ 2009ರಲ್ಲಿ ಭಾರತದ ಮಹಿಳಾ ತಂಡವನ್ನು ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ಕೈಬಿಡಲಾಗಿತ್ತು. ಅದೇ ತಂಡ 2025ರ ಜುಲೈನಲ್ಲಿ ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು 2–1ರಿಂದ ಸೋಲಿಸಿ, ಅರ್ಹತಾ ಸುತ್ತಿನ ಮೂಲಕ ಮೊದಲ ಬಾರಿ ಏಷ್ಯಾ ಕಪ್‌ಗೆ ಹೋಯಿತು. ಆಟಗಾರ್ತಿಯರ ವರ್ಷದ ಊಟ ನಡೆಯುವುದು ಕ್ಲಬ್ ಸಂಬಳದಿಂದ. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ಫೈನಲ್ ಆಡಿದ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ, ಪ್ರತಿ ಕ್ಲಬ್ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ಗುತ್ತಿಗೆ ಕೊಡಬೇಕೆಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಅದೇ ವರ್ಷ ನಿರ್ಧರಿಸಿತು. ತಿಂಗಳಿಗೆ ಸುಮಾರು 26,700. ಒತ್ತಾಯ ಹಾಕುವುದಿದ್ದರೆ ಮೊದಲು ಇಲ್ಲಿ ಹಾಕಿ: ಆ 10 ಎಂಬ ಸಂಖ್ಯೆ ಇಡೀ ತಂಡದ ಸಂಖ್ಯೆಯಾಗಲಿ, ಲೀಗ್ ಕೆಲವೇ ತಿಂಗಳಿಗೆ ಮುಗಿಯದಿರಲಿ.