ಪರಲೋಕದ ಪೌರತ್ವ, ಪಂಚಾಯ್ತಿಯ ನಾಮಪತ್ರ

ಕರಾವಳಿಯ ಒಂದು ಕುಟುಂಬದ ಪ್ರಕರಣ ಇದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಮನೆಯವರ ಒಪ್ಪಿಗೆ ಇದೆ.

ನನ್ನ ಹತ್ತಿರ ಸಲಹೆಗೆ ಮೊದಲು ಬಂದವರು ಸೊಸೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಭಾನುವಾರ ಆರಾಧನೆಗೆ ಹೊರಡಬೇಕು ಅಂದರೆ ಬೆಳಗ್ಗಿನಿಂದಲೇ ಹೊಟ್ಟೆ ಹಿಂಡುತ್ತದೆ. ಡಾಕ್ಟರ್ ಎಲ್ಲ ಪರೀಕ್ಷೆ ಮಾಡಿಸಿ ಏನೂ ತೊಂದರೆ ಇಲ್ಲ ಅಂದಿದ್ದರು. ಮಾತಾಡುತ್ತಾ ಹೋದಂತೆ ವಿಷಯ ಹೊರಬಂತು. ಅವರು ಸ್ವಸಹಾಯ ಸಂಘ ನಡೆಸುವವರು, ವಾರ್ಡಿನಲ್ಲಿ ಎಲ್ಲರಿಗೂ ಬೇಕಾದವರು. ಗ್ರಾಮ ಪಂಚಾಯ್ತಿಯ ಸ್ಥಾನ ಸಾಮಾನ್ಯ ಮಹಿಳೆಗೆ ಮೀಸಲಾಗಿ ಬಂದಾಗ ಅಕ್ಕಪಕ್ಕದವರೇ ಬಂದು "ನೀವೇ ನಿಲ್ಲಿ" ಅಂದರು. ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲವಲ್ಲ (ಕಾಗದದ ಮೇಲೆ ಇಲ್ಲ, ಉಳಿದದ್ದು ನಿಮಗೇ ಗೊತ್ತು), ಹಾಗಾಗಿ ಇವರಿಗೂ ಮನಸ್ಸಾಯಿತು. ಗಂಡ "ನಿನ್ನಿಷ್ಟ" ಅಂದರು. ಮಾವ ಮಾತು ಬಿಟ್ಟರು.

ಮಾವ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಚರ್ಚು) ಸಭೆಯ ಹಿರಿಯರು. ಸಭಾಪಾಲಕರು (ಪಾಸ್ಟರ್) ಇಲ್ಲದ ದಿನ ಪ್ರಸಂಗ, ಅಂದರೆ ಉಪದೇಶ, ಮಾಡುವವರು. ಮಾತು ಬಿಟ್ಟವರು ಊಟದ ಮೇಜಿನ ಮೇಲೆ ಸತ್ಯವೇದ (ಬೈಬಲ್) ತೆರೆದಿಡುತ್ತಿದ್ದರಂತೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ, 3ನೇ ಅಧ್ಯಾಯ, 20ನೇ ವಚನ, ಅದರ ಕೆಳಗೆ ಪೆನ್ಸಿಲ್ ಗೆರೆ. ನಮ್ಮ ಪೌರತ್ವ ಇರುವುದು ಪರಲೋಕದಲ್ಲಿ ಎಂದು ಆ ಪತ್ರ ಬರೆದ ಅಪೊಸ್ತಲ ಪೌಲ ಹೇಳುವ ವಚನ ಅದು. ಸೊಸೆಯೂ ಕಡಿಮೆ ಏನಲ್ಲ. ಮರುದಿನ ಅದೇ ಮೇಜಿನ ಮೇಲೆ ಯೆರೆಮೀಯ 29:7 ತೆರೆದಿಟ್ಟರು. ಸೆರೆಯಾಗಿ ಹೋದ ಪಟ್ಟಣದ ಕ್ಷೇಮಕ್ಕಾಗಿಯೂ ದುಡಿಯಿರಿ ಅನ್ನುವುದು. ಹೀಗೆ ಮನೆಯಲ್ಲಿ ವಚನಕ್ಕೆ ವಚನ, ಮಾತಿಗೆ ಮಾತಿಲ್ಲ.

ಇಬ್ಬರ ವಾದವೂ ಸುಮ್ನೆ ಹುಟ್ಟಿದ್ದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆ) ಹಿನ್ನೆಲೆ ಈ ಮನೆತನದ್ದು. ಆ ಮಿಷನರಿಗಳಲ್ಲಿ ತುಂಬ ಜನ ಜರ್ಮನಿಯ ಭಕ್ತಿಪಂಥದಿಂದ ಬಂದವರು. ಒಳಗಿನ ಬದುಕು ಶುದ್ಧವಾಗಿರಬೇಕು, ಲೋಕದ ಗದ್ದಲದಿಂದ ದೂರ ಇರಬೇಕು ಅನ್ನುವುದು ಅವರ ಪಾಠ. ಆದರೆ ಅವರೇ ಶಾಲೆ ತೆರೆದರು, ಹೆಂಚಿನ ಕಾರ್ಖಾನೆ ಮಾಡಿದರು. ಅವರಲ್ಲೊಬ್ಬರಾದ ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದರು. ಮಾವನಿಗೆ ಒಂದು ಭಾಗ ಬಂದಿದೆ, ಸೊಸೆಗೆ ಇನ್ನೊಂದು.

ನಾನು ದೇವಶಾಸ್ತ್ರ ಕಲಿಸುವವಳಲ್ಲ. ಯಾವ ವಚನ ಗೆಲ್ಲಬೇಕು ಎಂದು ತೀರ್ಪು ಕೊಡುವುದು ನನ್ನ ಕೆಲಸವೂ ಅಲ್ಲ. ಆದರೆ ಒಂದು ವಿಷಯ ಕಿವಿಗೆ ಬಿತ್ತು. ಮಾವ ಇಷ್ಟು ವರ್ಷ ಒಂದು ಚುನಾವಣೆಗೂ ಮತ ಹಾಕದೆ ಕುಳಿತವರಲ್ಲ. ಸಭೆಯ ಕಮಿಟಿ ಚುನಾವಣೆಯಲ್ಲಂತೂ ಎರಡು ಸಲ ನಿಂತವರು. (ಕಮಿಟಿ ಚುನಾವಣೆ ನೋಡಿದವರು ರಾಜಕೀಯ ಕೊಳಕು ಅಂದರೆ ನನಗೆ ನಗು ಬರುತ್ತದೆ, ಕ್ಷಮಿಸಿ.) ಹಾಗಾದರೆ ಸೊಸೆಯ ವಿಷಯಕ್ಕೆ ಬಂದಾಗ ಮಾತ್ರ ಪರಲೋಕ ಯಾಕೆ?

ಮಾವನನ್ನೂ ಕರೆಸಿದೆ. ಬಂದರು, ಮುಖ ಗಂಟು. "ಅಧಿಕಾರಿಗಳಿಗೆ ಅಧೀನರಾಗಿರಿ ಅಂತ ರೋಮಾಪುರದವರ ಪತ್ರಿಕೆಯಲ್ಲೇ ಉಂಟು" ಎಂದು ಶುರು ಮಾಡಿದರು. ಅವರು ಹೇಳಿದ್ದು 13ನೇ ಅಧ್ಯಾಯ. ಸೊಸೆ ದಂಗೆ ಏಳುತ್ತಿಲ್ಲ ಸರ್, ನಾಮಪತ್ರ ಸಲ್ಲಿಸುತ್ತಿದ್ದಾರೆ, ಅದೂ ಅಧಿಕಾರಿಯ ಮುಂದೆಯೇ, ಅಂದೆ. ಆಮೇಲೆ, ನೀವು ಪ್ರಸಂಗ ಮಾಡುವವರು, ಪೌಲ ಫಿಲಿಪ್ಪಿಗೆ ಹೋದಾಗ ಏನಾಯಿತು ಸ್ವಲ್ಪ ಹೇಳಿ ಎಂದು ಕೇಳಿಕೊಂಡೆ. ಇಷ್ಟದ ವಿಷಯ ಅಲ್ವಾ, ಮುಖ ಸಡಿಲಾಯಿತು. ಪೌಲನಿಗೂ ಅವನ ಜೊತೆಗಾರ ಸೀಲನಿಗೂ ಛಡಿ ಏಟು, ಸೆರೆಮನೆ, ಮಧ್ಯರಾತ್ರಿ ಹಾಡು, ಭೂಕಂಪ, ಎಲ್ಲ ಹೇಳಿದರು. ಬೆಳಿಗ್ಗೆ ಅಧಿಕಾರಿಗಳು ಸದ್ದಿಲ್ಲದೆ ಹೋಗಿ ಅಂತ ಹೇಳಿ ಕಳಿಸಿದಾಗ ಪೌಲ ಒಪ್ಪಲಿಲ್ಲ, ನಾವು ರೋಮಿನ ಪ್ರಜೆಗಳು, ವಿಚಾರಣೆ ಇಲ್ಲದೆ ಹೊಡೆಸಿದ್ದೀರಿ, ನೀವೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಿ ಅಂದ, ಎಂದು ಹೇಳುತ್ತಿದ್ದವರು ಅಲ್ಲಿಗೆ ನಿಲ್ಲಿಸಿದರು. ಪರಲೋಕದ ಪೌರತ್ವದ ಮಾತು ಬರೆದದ್ದು ಅದೇ ಊರಿನ ಸಭೆಗೆ. ನಾನು ಹೇಳಬೇಕಾಗಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು, "ನನಗೆ ಹೆದರಿಕೆ ಮಾರಾಯ್ರೆ" ಅಂದರು.

2008ರ ಸೆಪ್ಟೆಂಬರಿನಲ್ಲಿ ಮಂಗಳೂರು, ಉಡುಪಿ, ಚಿಕ್ಕಮಗಳೂರು ಕಡೆ ಚರ್ಚು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆದಾಗ ಇವರು ಮಕ್ಕಳನ್ನು ಕರೆದುಕೊಂಡು ನೆಂಟರ ಮನೆಯಲ್ಲಿ ಇದ್ದು ಬಂದವರು. ಮುಂದೆ ಮತಾಂತರ ನಿಷೇಧದ ಕಾಯ್ದೆ 2022ರಲ್ಲಿ ಬಂದಾಗ ಹಳೆಯ ಹೆದರಿಕೆ ಮತ್ತೆ ಎದ್ದಿತ್ತು. ಚುನಾವಣೆಯಿಂದ ಮನೆಯ ಹೆಸರು ಗೋಡೆಯ ಮೇಲೆ, ಜನರ ಬಾಯಲ್ಲಿ ಬರುವುದು ಬೇಡ ಅನ್ನುವುದು ಅವರ ಲೆಕ್ಕ. ಅದನ್ನು ಯಾರಿಗೂ ಹೇಳಿರಲಿಲ್ಲ. ಹಿರಿಯರು ಹೆದರಿದ್ದಾರೆ ಅನ್ನುವುದಕ್ಕಿಂತ ಪೌಲ ಬೇಡ ಅಂದಿದ್ದಾನೆ ಅನ್ನುವುದು ಸುಲಭ.

ಮಾವನಿಗೆ ನಾನು ಹೇಳಿದ್ದು ಇಷ್ಟು: ನಿಮ್ಮ ಭಯಕ್ಕೆ ಕಾರಣ ಇದೆ, ಅದನ್ನು ಭಯ ಅಂತಲೇ ಹೇಳಿ, ವಚನದ ಹಿಂದೆ ಇಡಬೇಡಿ. ಮನೆಯಲ್ಲಿ ಸೊಸೆಗೆ "ನನಗೆ ಹೆದರಿಕೆ ಆಗ್ತದೆ" ಅನ್ನಿ. ಪ್ರಚಾರಕ್ಕೆ ನೀವು ಹೋಗಬೇಕಿಲ್ಲ, ಆಶೀರ್ವಾದ ಮಾಡಲೇಬೇಕು ಅಂತಲೂ ಇಲ್ಲ. ಮಾತು ಮಾತ್ರ ಬಿಡಬೇಡಿ.

ಸೊಸೆಗೆ ಹೇಳಿದ್ದು ಜಾಸ್ತಿ. ವಚನಕ್ಕೆ ವಚನ ಇಡುವುದನ್ನು ಮೊದಲು ನಿಲ್ಲಿಸಿ. ಆ ದಾಳಿ ಆಗಿ ಎಷ್ಟೋ ವರ್ಷ ಆಯ್ತಲ್ಲ ಮಾವ, ಅಂತ ಹೇಳಬೇಡಿ. ಸಂಜೆ ಮೇಲೆ ಒಬ್ಬರೇ ಮನೆ ಮನೆಗೆ ಹೋಗಬೇಡಿ, ಸಂಘದ ಇಬ್ಬರು ಜೊತೆಗಿರಲಿ, ಎಲ್ಲಿದ್ದೀರಿ ಅಂತ ಮಾವನಿಗೆ ಫೋನ್ ಮಾಡಿ. ಕೇಳುವುದಕ್ಕೆ ಸಣ್ಣದು, ಆದರೆ ಹೆದರಿದವರಿಗೆ ವಾದಕ್ಕಿಂತ ಫೋನ್ ಒಳ್ಳೆಯದು.

ಇನ್ನೊಂದು ಗಂಟು ಇತ್ತು. ಸಭಾಪಾಲಕರು ಉತ್ಸಾಹದಲ್ಲಿ, ಭಾನುವಾರ ವೇದಿಕೆಯಿಂದಲೇ ಹೆಸರು ಹೇಳಿ "ನಮ್ಮವರಿಗೆ ಮತ ಕೊಡಿ" ಅಂತ ಕೇಳುತ್ತೇನೆ ಅಂದಿದ್ದರು. ಖಂಡಿತ ಬೇಡ ಅನ್ನಿ, ಅಂದೆ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಧರ್ಮದ ಹೆಸರಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ, ಸುಪ್ರೀಂ ಕೋರ್ಟ್ 2017ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದೆ. ಪಂಚಾಯ್ತಿಯಲ್ಲಿ ಮಾತ್ರ ಆಗಬಹುದು ಅನ್ನುವ ಧೈರ್ಯ ಯಾಕೆ? ಕಾನೂನು ಬದಿಗಿಡಿ. ಕೈಸರನದು (ರೋಮಿನ ಚಕ್ರವರ್ತಿಯದು) ಕೈಸರನಿಗೆ, ದೇವರದು ದೇವರಿಗೆ ಅನ್ನುವ ಯೇಸುವಿನ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕ್ಯಾಥೊಲಿಕರಲ್ಲಂತೂ ಪಾದ್ರಿಗಳು ಸರ್ಕಾರದ ಅಧಿಕಾರ ಚಲಾಯಿಸುವ ಹುದ್ದೆ ಹಿಡಿಯಬಾರದು ಎಂದು ಸಭೆಯ ಕಾನೂನೇ ಇದೆ, ಆ ಕೆಲಸ ಸಾಮಾನ್ಯ ಭಕ್ತರದು. ನಿಮ್ಮ ವಾರ್ಡಿನಲ್ಲಿ ನೀರಿನ ಪೈಪು ಎಲ್ಲರ ಮನೆಗೂ ಹೋಗುತ್ತದೆ, ಮತವೂ ಎಲ್ಲರ ಮನೆಯಿಂದ ಬರಬೇಕು. ಚುನಾವಣೆ ಮುಗಿಯುವ ತನಕ ಸಭೆಯ ಮಹಿಳಾ ಕೂಟದ ಜವಾಬ್ದಾರಿಯಿಂದ ಪಕ್ಕಕ್ಕೆ ನಿಲ್ಲಿ ಅಂತಲೂ ಹೇಳಿದೆ.

ಕೊನೆಗೆ ಮಾವ, ವಿಶ್ವಾಸ ಇಟ್ಟುಕೊಂಡೇ ಇಂಥದ್ದರಲ್ಲಿ ಇದ್ದವರು ಯಾರಾದರೂ ಉಂಟಾ ಅಂತ ಕೇಳಿದರು. ಮಂಗಳೂರಿನವರೇ ಆದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜ ಸಂವಿಧಾನ ಸಭೆಯಲ್ಲಿ ಇದ್ದರು ಅಂದೆ. "ಅವರು ಕ್ಯಾಥೊಲಿಕ್" ಅಂದರು. ಬೆಂಗಳೂರಿನಲ್ಲಿ ಕೆಲಸ ಮಾಡಿದ ಎಂ. ಎಂ. ಥಾಮಸ್ ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಬರೆದ ದೇವಶಾಸ್ತ್ರಜ್ಞರು, ಆಮೇಲೆ 1990ರಲ್ಲಿ ನಾಗಾಲ್ಯಾಂಡ್ ರಾಜ್ಯಪಾಲರೂ ಆದರು ಅಂದೆ. "ಅವರು ಮಾರ್ ತೋಮಾ" ಅಂದರು, ಅದು ಕೇರಳದ ಬೇರೊಂದು ಕ್ರೈಸ್ತ ಸಭೆ. ಸೊಸೆ ನಕ್ಕರು, ಆಮೇಲೆ ಅವರೂ ನಕ್ಕರು.

ನಾಮಪತ್ರ ಸಲ್ಲಿಕೆಯಾಯಿತು. ಗೆದ್ದರೋ ಸೋತರೋ ಬರೆದರೆ ಗುರುತು ಸಿಗುತ್ತದೆ, ಬಿಡಿ. ನಿದ್ದೆ ಬರುತ್ತಿದೆ, ಭಾನುವಾರದ ಹೊಟ್ಟೆನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮಾವ ಮಾತಾಡುತ್ತಾರೆ, ಚುನಾವಣೆ ಬೇಕಿರಲಿಲ್ಲ ಅಂತ ಈಗಲೂ ಹೇಳುತ್ತಾರೆ. ವೇದಿಕೆಯ ಮಾತು ಬೇಡ ಅಂದದ್ದಕ್ಕೆ ಸಭಾಪಾಲಕರಿಗೆ ಬೇಜಾರಾಗಿದೆ, ಅವರ ಹತ್ತಿರ ಹೇಗೆ ಮಾತಾಡಬೇಕು ಅನ್ನುವುದಕ್ಕೆ ಸೊಸೆ ಮತ್ತೆ ಬರುತ್ತೇನೆ ಅಂದಿದ್ದಾರೆ.