ಒಂಟಿ ಎಲೆಕ್ಟ್ರಾನ್ ಯಾರ ಜೊತೆ ಸೇರಿ ಅಲೆ ಮಾಡತ್ತೆ? (ಸಂಪಾದಕರ ಉತ್ತರ)

ಮೇಡಂ ನಮಸ್ಕಾರ. ಹಾಸನದಿಂದ ನೀವು ಬರೆದ ಪತ್ರ ಬಂತು. ಹೋದ ಸಂಚಿಕೆಯ ಬೆಳಕಿನ ಲೇಖನ ಓದಿ ಸಿಟ್ಟು ಬಂತು ಅಂತ ಮೊದಲ ಸಾಲಲ್ಲೇ ಹೇಳಿದೀರ, ಪರವಾಗಿಲ್ಲ, ಸಿಟ್ಟಲ್ಲಿ ನ್ಯಾಯ ಇದೆ. ಪತ್ರ ನೋಡದೇ ಇರೋರಿಗೆ ವಿಷಯ ಏನಂದ್ರೆ, ಇವರ ಮಗಳು ಸೆಕೆಂಡ್ ಪಿಯುಸಿ, ಅವಳ ಪುಸ್ತಕ ಓದಿದ್ರೂ ನಮ್ಮ ಲೇಖನ ಓದಿದ್ರೂ ಕೊನೆಗೆ ಸಿಗೋದು 'ಬೆಳಕು ಒಂದೊಂದು ಸಲ ಅಲೆ, ಒಂದೊಂದು ಸಲ ಕಣ, ಎಲೆಕ್ಟ್ರಾನೂ ಹಂಗೇ' ಅನ್ನೋದಷ್ಟೇ, ಇದೂ ಒಂದು ಉತ್ತರಾನಾ ಅಂತ ಕೇಳ್ತಾರೆ. ಅವರದ್ದೇ ಒಂದು ಥಿಯರಿನೂ ಇದೆ: ಚಿನ್ನಸ್ವಾಮಿ ಸ್ಟೇಡಿಯಮ್ಮಲ್ಲಿ ಜನ ಸಾಲಾಗಿ ಎದ್ದು ಕೂತು ಮೆಕ್ಸಿಕನ್ ವೇವ್ ಮಾಡ್ತಾರಲ್ಲ, ಅಲ್ಲಿರೋದು ಬರೀ ಜನ, ಅಲೆ ಆಗೋದು ಗುಂಪಿಂದ, ಎಲೆಕ್ಟ್ರಾನ್ ಕಥೆನೂ ಇಷ್ಟೇ ಇರ್ಬೇಕು ಅಂತ. ಕೊನೇಲಿ ಇನ್ನೊಂದು ಪ್ರಶ್ನೆ, 'ನೋಡಿದ್ರೆ ಕಣ, ನೋಡದಿದ್ರೆ ಅಲೆ' ಅಂತ ಯೂಟ್ಯೂಬಲ್ಲಿ ಹೇಳ್ತಾರೆ, ಹಂಗಾದ್ರೆ ನಮ್ಮ ಮನಸ್ಸು ಎಲೆಕ್ಟ್ರಾನನ್ನ ಬದಲಾಯಿಸತ್ತಾ?

ಥಿಯರಿ ಚೆನ್ನಾಗಿದೆ, ಸುಮ್ನೆ ಹೊಗಳ್ತಿಲ್ಲ, ಯಾಕಂದ್ರೆ ಅದನ್ನ ಪರೀಕ್ಷೆ ಮಾಡಬಹುದು. ಗುಂಪೇ ಕಾರಣ ಆಗಿದ್ರೆ ಒಬ್ಬೊಬ್ಬರನ್ನೇ ಬಿಟ್ಟಾಗ ಅಲೆ ನಿಂತು ಹೋಗ್ಬೇಕು ಅಲ್ವಾ? ಕೇಂಬ್ರಿಡ್ಜಲ್ಲಿ ಜಿ.ಐ. ಟೇಲರ್ ಅಂತ ಇನ್ನೂ ಚಿಕ್ಕ ವಯಸ್ಸಿನ ಹುಡುಗ 1909ರಲ್ಲಿ ಗ್ಯಾಸ್ ದೀಪದ ಮುಂದೆ ಮಸಿ ಹಿಡಿಸಿದ ಗಾಜುಗಳನ್ನ ಇಟ್ಟು ಬೆಳಕನ್ನ ಎಷ್ಟು ಮಂಕು ಮಾಡ್ದ ಅಂದ್ರೆ ಒಂದು ಮೈಲಿಗಿಂತ ದೂರದಲ್ಲಿ ಉರಿಯೋ ಮೇಣದಬತ್ತಿಯಷ್ಟು, ಆಮೇಲೆ ಅದರಲ್ಲಿ ಒಂದು ಸೂಜಿಯ ನೆರಳಿನ ಫೋಟೋ ತೆಗ್ದ, ಪ್ಲೇಟನ್ನ ಸುಮಾರು 2000 ಗಂಟೆ, ಅಂದ್ರೆ ಹತ್ತಿರ ಹತ್ತಿರ ಮೂರು ತಿಂಗಳು, ಹಂಗೇ ಬಿಟ್ಟು. ಸೂಜಿ ನೆರಳಿನ ಅಂಚಲ್ಲಿ ಬರೋ ಸಣ್ಣ ಸಣ್ಣ ಪಟ್ಟೆಗಳು (ಅಲೆ ಇದೆ ಅನ್ನೋದಕ್ಕೆ ಅವೇ ಗುರುತು) ಜೋರು ಬೆಳಕಲ್ಲಿ ಬಂದಷ್ಟೇ ಚೂಪಾಗಿ ಬಂದ್ವು. ಸರಿಯಾಗಿ ಹೇಳ್ಬೇಕಂದ್ರೆ ದೀಪದ ಬೆಳಕು ಎಷ್ಟೇ ಮಂಕಾದ್ರೂ ಫೋಟಾನ್‌ಗಳು, ಅಂದ್ರೆ ಬೆಳಕಿನ ಕಣಗಳು, ಕಟ್ಟುನಿಟ್ಟಾಗಿ ಒಂದೊಂದಾಗಿ ಬರ್ತವೆ ಅನ್ನೋ ಗ್ಯಾರಂಟಿ ಇಲ್ಲ. ಆ ಗ್ಯಾರಂಟಿ ಇರೋ ಪ್ರಯೋಗ ಆಗಿದ್ದು 1986ರಲ್ಲಿ, ಫ್ರಾನ್ಸಿನ ಆರ್ಸೇ ಅನ್ನೋ ಊರಲ್ಲಿ ಗ್ರಾಂಜಿಯೇ, ರೋಜೇ, ಆಸ್ಪೆ ಅನ್ನೋ ವಿಜ್ಞಾನಿಗಳು ಮಾಡಿದ್ದು. ಅರ್ಧ ಬೆಳಕನ್ನ ದಾಟಿಸಿ ಅರ್ಧ ವಾಪಸ್ ಕಳಿಸೋ ಗಾಜಿನ ಎರಡೂ ಕಡೆ ಡಿಟೆಕ್ಟರ್ ಇಟ್ರೆ ಎರಡೂ ಒಟ್ಟಿಗೆ ಕ್ಲಿಕ್ ಅನ್ನೋದು ಇಲ್ಲವೇ ಇಲ್ಲ ಅನ್ನೋಷ್ಟು ಅಪರೂಪ, ಅಂದ್ರೆ ಫೋಟಾನ್ ಎರಡು ತುಂಡಾಗಲ್ಲ. ಡಿಟೆಕ್ಟರ್ ತೆಗೆದು ಆ ಎರಡು ದಾರಿನ ಮತ್ತೆ ಸೇರಿಸಿದ್ರೆ ಅದೇ ಫೋಟಾನ್‌ಗಳಿಂದ ಪಟ್ಟೆ ಬರತ್ತೆ.

ಎಲೆಕ್ಟ್ರಾನಿಗೆ ಬಂದ್ರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜಪಾನಿನ ಹಿಟಾಚಿ ಲ್ಯಾಬಲ್ಲಿ ತೊನೊಮುರಾ ತಂಡ 1989ರಲ್ಲಿ ಪ್ರಕಟಿಸಿದ ಫೋಟೋಗಳು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಒಳಗೆ ಕೂದಲಿಗಿಂತ ತೆಳ್ಳಗಿನ ಒಂದು ತಂತಿ, ಎಲೆಕ್ಟ್ರಾನಿಗೆ ಅದರ ಎಡಗಡೆಯ ದಾರಿನೂ ಇದೆ, ಬಲಗಡೆಯ ದಾರಿನೂ ಇದೆ. ಒಂದು ಮೀಟರ್ ದಾಟೋಕೆ ಆ ಎಲೆಕ್ಟ್ರಾನಿಗೆ ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದು ಭಾಗ ಸಾಕು, ಹಂಗಾಗಿ ಮುಂದಿನದು ಹೊರಡೋ ಮೊದಲೇ ಹಿಂದಿನದು ಪರದೆ ಮುಟ್ಟಿ ಆಗಿರತ್ತೆ, ಒಂದಕ್ಕೊಂದು ಭೇಟಿನೇ ಇಲ್ಲ. ಮೊದಲನೇ ಫೋಟೋಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ನೂರಾರು ಬಿದ್ಮೇಲೂ ಯಾರೋ ಶಾಯಿ ಚೆಲ್ಲಿದಂಗೆ ಕಾಣತ್ತೆ ಅಷ್ಟೆ. ಸಾವಿರಗಳಿಗೆ ಹೋದಾಗ ಏನೋ ಸಾಲು ಕಂಡಂಗೆ ಆಗತ್ತೆ, ಹತ್ತಾರು ಸಾವಿರ ದಾಟೋ ಹೊತ್ತಿಗೆ ಕಪ್ಪು ಬಿಳಿ ಪಟ್ಟೆ ನೀಟಾಗಿ ಕೂತಿರತ್ತೆ. ಸ್ಟೇಡಿಯಮ್ಮಲ್ಲಿ ಒಬ್ಬನೇ ಎದ್ದು ಕೂತ್ರೆ ಅಲೆ ಆಗಲ್ಲ, ಇಲ್ಲಿ ಒಂದೊಂದು ಎಲೆಕ್ಟ್ರಾನೂ ತನ್ನ ಪಾಡಿಗೆ ತಾನು ಬಂದು ಬಿದ್ದಿದ್ರೂ ಕೆಲವು ಜಾಗಕ್ಕೆ ಯಾವುದೂ ಹೋಗೇ ಇಲ್ಲ ಅನ್ನೋ ಮಟ್ಟಿಗೆ ಖಾಲಿ ಬಿಟ್ಟಿವೆ.

ಅದಕ್ಕೇ 'ಒಂದೊಂದು ಸಲ ಅದು, ಒಂದೊಂದು ಸಲ ಇದು' ಅನ್ನೋ ಸಾಲು ನನಗೂ ಸರಿ ಕಾಣಲ್ಲ. ಒಂದೇ ಫೋಟೋದಲ್ಲಿ ಎರಡೂ ಇದೆಯಲ್ಲ! ಚುಕ್ಕೆ ಯಾವಾಗ್ಲೂ ಪೂರ್ತಿ ಚುಕ್ಕೆನೇ, ಅರ್ಧ ಎಲೆಕ್ಟ್ರಾನ್ ಯಾರ ಪರದೆ ಮೇಲೂ ಬಿದ್ದಿಲ್ಲ, ಆದ್ರೆ ಚುಕ್ಕೆ ಎಲ್ಲಿ ಬೀಳೋ ಚಾನ್ಸ್ ಜಾಸ್ತಿ ಎಲ್ಲಿ ಕಮ್ಮಿ ಅನ್ನೋದನ್ನ ತೀರ್ಮಾನ ಮಾಡೋದು ಎರಡೂ ದಾರಿಲಿ ಹೋಗಿ ಸೇರೋ ಅಲೆ. ಆ ಅಲೆನ ಚಾನ್ಸಿನ ಲೆಕ್ಕ ಅಂತ ಓದ್ಬೇಕು ಅಂತ ಜರ್ಮನಿಯ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1926ರಲ್ಲೇ ಹೇಳಿದ್ರು. ನಿಮಗೆ ಸಿಟ್ಟು ಬಂದಿದ್ರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ, ಎಕ್ಸ್-ರೇ ಕಣದ ಥರ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆಯತ್ತೆ ಅಂತ ಅಮೆರಿಕದ ವಿಜ್ಞಾನಿ ಕಾಂಪ್ಟನ್ ಹೇಳಿದಾಗ 1924ರಲ್ಲಿ ಟೊರಾಂಟೊದ ಸಭೆಲಿ ಎದ್ದು ನಿಂತು ವಾದ ಮಾಡಿದವರಲ್ಲಿ ನಮ್ಮ ಸಿ.ವಿ. ರಾಮನ್ನೂ ಒಬ್ರು.

ಇನ್ನು ಮನಸ್ಸಿನ ವಿಷಯ. ಬೇಡ ಮೇಡಂ, ಮನಸ್ಸನ್ನ ಇದರೊಳಗೆ ಎಳೀಬೇಡಿ. ವಿಯೆನ್ನಾದಲ್ಲಿ 70 ಕಾರ್ಬನ್ ಪರಮಾಣು ಇರೋ ದೊಡ್ಡ ಅಣುಗಳಿಂದನೂ ಇದೇ ಥರ ಪಟ್ಟೆ ಬರ್ಸಿದಾರೆ, 2004ರಲ್ಲಿ ಅದೇ ಅಣುಗಳನ್ನ ದಾರಿಗೆ ಬಿಡೋ ಮೊದಲು ಲೇಸರಿಂದ ಕಾಯಿಸಿ ನೋಡಿದ್ರು. ಕಾವು ಏರ್ತಾ ಏರ್ತಾ ಪಟ್ಟೆ ಮಸುಕಾಗಿ ಕೊನೆಗೆ ಅಳಿಸೇ ಹೋಯ್ತು. ಯಾರೂ ಇಣುಕಿ ನೋಡ್ತಾ ಕೂತಿರಲಿಲ್ಲ. ಸಿಕ್ಕಾಪಟ್ಟೆ ಕಾದ ಅಣು ತಾನೇ ಬೆಳಕು ಉಗುಳತ್ತೆ, ಆ ಬೆಳಕಿನ ತರಂಗಾಂತರ ಗಿಡ್ಡ, ಹಂಗಾಗಿ ಅಣು ಈ ದಾರಿಲಿತ್ತೋ ಆ ದಾರಿಲಿತ್ತೋ ಅನ್ನೋ ಗುರುತು ಅದರಲ್ಲಿ ಹೊರಗೆ ಹೋಗ್ಬಿಡತ್ತೆ, ಓದೋರು ಇರಲಿ ಬಿಡಲಿ. ಕಾವು ಕಮ್ಮಿ ಇದ್ದಾಗ ಹೊರಡೋ ವಿಕಿರಣದ್ದು ತುಂಬಾ ಉದ್ದದ ಅಲೆ, ಅದರಿಂದ ಅಷ್ಟು ಸಣ್ಣ ಗುರುತು ಸಿಗಲ್ಲ, ಪಟ್ಟೆ ಉಳ್ಕೊಳ್ಳತ್ತೆ. 'ನೋಡೋದು' ಅಂತ ಯೂಟ್ಯೂಬಿನವರು ಹೇಳೋದರಲ್ಲಿ ನಿಜ ಇರೋದು ಇಷ್ಟೇ.

ಮಗಳಿಗೆ ಒಂದು ವಿಷಯ ಹೇಳಿ. ಡೇವಿಸನ್-ಜರ್ಮರ್ ಪ್ರಯೋಗನ (ನಿಕ್ಕಲ್ ತುಂಡಿಗೆ ಎಲೆಕ್ಟ್ರಾನ್ ಹೊಡೆದು ಅವು ಹೆಂಗೆ ಚದುರ್ತವೆ ಅಂತ ನೋಡಿದ್ದು) ಎನ್‌ಸಿಇಆರ್‌ಟಿ ಪುಸ್ತಕದಿಂದ ತೆಗೆದುಹಾಕಿದ್ದು ನನಗಂತೂ ಬೇಜಾರು, ಇಡೀ ಪಾಠದಲ್ಲಿ ಕಥೆ ಅನ್ನೋದು ಇದ್ದಿದ್ದೇ ಅಲ್ಲಿ. 1925ರಲ್ಲಿ ನ್ಯೂಯಾರ್ಕಿನ ಲ್ಯಾಬಲ್ಲಿ ದ್ರವ ಗಾಳಿಯ ಬಾಟಲಿ ಸಿಡಿದು ಟ್ಯೂಬ್ ಒಡೆದು ಬಿಸಿ ನಿಕ್ಕಲ್ ತುಂಡಿಗೆ ಗಾಳಿ ಹೊಡೆದು ಕಿಟ್ಟ ಕಟ್ತು, ಅದನ್ನ ಬಿಡಿಸೋಕೆ ತುಂಬಾ ಹೊತ್ತು ಕಾಯಿಸಿದಾಗ ಒಳಗಿದ್ದ ಪುಟ್ಟ ಪುಟ್ಟ ಹರಳುಗಳು ಸೇರಿ ಕೆಲವೇ ದೊಡ್ಡ ಹರಳಾದ್ವು, ಆಮೇಲಿಂದ ಎಲೆಕ್ಟ್ರಾನ್ ಚದುರೋ ರೀತಿನೇ ಬದಲಾಯ್ತು. 1927ರ ಹೊತ್ತಿಗೆ ಗೊತ್ತಾಯ್ತು: 54 ವೋಲ್ಟ್ ಕೊಟ್ರೆ 50 ಡಿಗ್ರಿ ಕೋನದಲ್ಲಿ ಜೋರಾಗಿ ಬರ್ತಾವೆ, ಅದರಿಂದ ಅಳೆದ ತರಂಗಾಂತರ 0.165 ನ್ಯಾನೋಮೀಟರ್. ಚಲಿಸೋ ವಸ್ತುವಿನ ತರಂಗಾಂತರ ಎಷ್ಟು ಅಂತ ಹೇಳೋ ಡಿ ಬ್ರಾಯ್ ಸೂತ್ರ ಇಲ್ಲಿ ಏನು ಹೇಳತ್ತೆ ಅಂತ ಅವಳ ಕೈಲೇ ಲೆಕ್ಕ ಹಾಕ್ಸಿ, 1.227ನ್ನ 54ರ ವರ್ಗಮೂಲದಿಂದ ಭಾಗಿಸಿದ್ರೆ ಆಯ್ತು, 0.167 ಬರತ್ತೆ. ಅದೇ ಉಸಿರಲ್ಲಿ ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಬರೋ 160 ಗ್ರಾಮಿನ ಕ್ರಿಕೆಟ್ ಬಾಲಿಗೂ ಮಾಡ್ಸಿ, ಪಾಯಿಂಟ್ ಆದ್ಮೇಲೆ 33 ಸೊನ್ನೆ ಹಾಕಿ ಒಂದು ಬರೆದಷ್ಟು ಮೀಟರ್ ಬರತ್ತೆ, ಬಾಲ್ ಯಾಕೆ ವಿಕೆಟ್ಟಿನ ಎರಡೂ ಕಡೆಯಿಂದ ಹೋಗಲ್ಲ ಅಂತ ಆಮೇಲೆ ಅವಳೇ ನಿಮಗೆ ಹೇಳ್ತಾಳೆ.