ಮೊದಲು ತಲೆಗೆ ಜಾಗ, ಆಮೇಲೆ ಕಾಲಿಗೆ

ಪ್ರಶ್ನೆ: ಈ ವರ್ಷದಿಂದ ಸಾಫ್ಟ್‌ಬಾಲ್ ಪಂದ್ಯಗಳಿಗೆ ಪ್ಲೇಟ್ ಅಂಪೈರ್ ಆಗಿ, ಅಂದರೆ ಎಸೆತ ಹಿಡಿಯುವ ಕ್ಯಾಚರ್‌ನ ಹಿಂದೆ, ಪ್ರತಿ ಎಸೆತಕ್ಕೂ ತೀರ್ಪು ಕೊಡಲು ನಿಲ್ಲುತ್ತಿದ್ದೇನೆ. ಎಲ್ಲವೂ ಫಾಸ್ಟ್‌ಪಿಚ್, ಅಂದರೆ ವೇಗದ ಎಸೆತದ ಆಟ. ಹೊರಮೂಲೆಗೆ (ನೆಲದಲ್ಲಿ ಹೂತ ಹೋಮ್ ಪ್ಲೇಟ್ ಹಲಗೆಯ, ಬ್ಯಾಟರ್‌ಗೆ ದೂರದ ಅಂಚಿಗೆ) ತಗ್ಗಿನಲ್ಲಿ ಬರುವ ಎಸೆತಕ್ಕೆ ನಾನು ಕೊಡುವ ತೀರ್ಪು ಬರೀ ಅಂದಾಜು. ಸರಿಯಾಗಿ ಕಾಣಲಿ ಎಂದು ಇನ್ನಷ್ಟು ಬಗ್ಗುತ್ತೇನೆ. ನಾಲ್ಕನೇ ಇನ್ನಿಂಗ್ಸ್ ಹೊತ್ತಿಗೆ ಸೊಂಟ, ತೊಡೆ ಹಿಡಿದುಕೊಂಡಿರುತ್ತವೆ. ಕ್ಯಾಚರ್ ಬ್ಯಾಟರ್ ಕಡೆಗೆ ಸರಿದು ಕೂತರಂತೂ ಏನೂ ಕಾಣುವುದಿಲ್ಲ. ಎಲ್ಲಿ, ಹೇಗೆ ನಿಲ್ಲಬೇಕು?

ಉತ್ತರ: ನಿಮ್ಮ ಮೂರೂ ತೊಂದರೆಗಳ ಬೇರು ಒಂದೇ. ಬಗ್ಗಿದಷ್ಟೂ ಚೆನ್ನಾಗಿ ಕಾಣುತ್ತದೆ ಎಂದು ನಂಬಿದ್ದೀರಿ. ನಾನೂ ಮೊದಮೊದಲು ಹಾಗೇ ನಂಬಿದ್ದೆ. ಅದರಿಂದಾಗಿ ಎಷ್ಟೋ ಪಿಚರ್‌ಗಳಿಗೆ (ಎಸೆಯುವವರಿಗೆ) ಸಲ್ಲಬೇಕಿದ್ದ ಸ್ಟ್ರೈಕ್ (ಸರಿಯಾದ ಎಸೆತ ಎನ್ನುವ ತೀರ್ಪು) ಸಲ್ಲಲಿಲ್ಲ ಎನ್ನುವುದು ಈಗಲೂ ನನ್ನನ್ನು ಚುಚ್ಚುತ್ತದೆ.

ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. ಮೇಜಿನ ಮೇಲೆ ಒಂದು ಹಾಳೆ ಇಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ತನ್ನಿ. ಹಾಳೆ ಬರೀ ಗೆರೆಯಾಗಿ ಕಾಣುತ್ತದೆ. ಅದರ ಮುಂದಿನ ಅಂಚು ಯಾವುದು, ಹಿಂದಿನದು ಯಾವುದು ಗೊತ್ತಾಗುವುದಿಲ್ಲ. ನಿಧಾನವಾಗಿ ತಲೆ ಎತ್ತಿದರೆ ಅದೇ ಗೆರೆ ಹರಡಿಕೊಂಡು ನಾಲ್ಕು ಮೂಲೆಯೂ ತೋರುತ್ತವೆ. ಹೋಮ್ ಪ್ಲೇಟ್ ಕೂಡ ಹಾಗೆಯೇ. ಅದರ ಅಗಲ 17 ಇಂಚು, ಮುಂದಿನ ಅಂಚಿನಿಂದ ಹಿಂದಿನ ಚೂಪಿನವರೆಗೂ 17 ಇಂಚು. ನೀವು ತೀರಾ ತಗ್ಗಿ ನಿಂತರೆ ಆ ಉದ್ದವೆಲ್ಲ ಕುಗ್ಗಿಹೋಗುತ್ತದೆ. ಚೆಂಡು ಬ್ಯಾಟರ್‌ನ ಮಂಡಿಯ ಮಟ್ಟದಲ್ಲಿದ್ದದ್ದು ಪ್ಲೇಟ್‌ನ ಮೇಲೋ, ಅದನ್ನು ದಾಟಿದ ಮೇಲೋ ಎಂದು ಹೇಳಲು ಆಗುವುದಿಲ್ಲ. ಹೊರಮೂಲೆಯ ತಗ್ಗು ಎಸೆತದಲ್ಲಿ ನಿಮಗೆ ಆಗುತ್ತಿರುವುದು ಇದೇ.

ಹಾಗಾಗಿ ಕಾಲು ಎಲ್ಲಿ ಎಂದು ಯೋಚಿಸುವ ಮೊದಲು ತಲೆ ಎಲ್ಲಿ ಎಂದು ತೀರ್ಮಾನಿಸಿ. ಕಣ್ಣು ಸ್ಟ್ರೈಕ್ ಝೋನ್‌ನ (ಎಸೆತ ಸ್ಟ್ರೈಕ್ ಆಗಲು ಪ್ಲೇಟ್ ಮೇಲೆ ಹಾಯಬೇಕಾದ ಕಲ್ಪಿತ ಚೌಕಟ್ಟಿನ) ಮೇಲ್ಗೆರೆಯ ಎತ್ತರದಲ್ಲಿರಲಿ. ಗದ್ದ ಕ್ಯಾಚರ್‌ನ ಹೆಲ್ಮೆಟ್‌ಗಿಂತ ಕೆಳಗೆ ಇಳಿಯಬಾರದು. ಅಡ್ಡಕ್ಕೆ ನೋಡಿದರೆ, ಕ್ಯಾಚರ್ ಮತ್ತು ಬ್ಯಾಟರ್ ನಡುವಿನ ಸಂದು ನಿಮ್ಮ ಜಾಗ. ಅಂಪೈರ್‌ಗಳು ಸ್ಲಾಟ್ ಎನ್ನುವುದು ಇದಕ್ಕೇ. ಮೂಗು ಪ್ಲೇಟ್‌ನ ಒಳ ಅಂಚಿನ ನೇರಕ್ಕೆ ಇದ್ದರೆ ಒಳಮೂಲೆ ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತದೆ, ಹೊರಮೂಲೆಯೂ ಕಣ್ಣಳತೆಯಲ್ಲೇ ಉಳಿಯುತ್ತದೆ.

ತಲೆ ನೆಲೆಯಾದ ಮೇಲೆ ಕಾಲು. ಬಲಗೈ ಬ್ಯಾಟರ್ ಇದ್ದರೆ ಸ್ಲಾಟ್ ನಿಮ್ಮ ಎಡಕ್ಕೆ, ಆಗ ಎಡಗಾಲು ಮುಂದೆ. ಬಲಗಾಲಿನ ಬೆರಳುಗಳು ಎಡಗಾಲಿನ ಹಿಮ್ಮಡಿಯ ಸಾಲಿಗೆ ಬರಲಿ. ಎರಡೂ ಪಾದಗಳ ನಡುವಿನ ಅಂತರ ಭುಜದಗಲಕ್ಕಿಂತ ಹೆಚ್ಚಿರಲಿ. ಎಡಗೈ ಬ್ಯಾಟರ್ ಬಂದಾಗ ಎಲ್ಲವೂ ತಿರುವುಮುರುವು. ಬೆನ್ನು ಬಗ್ಗಿಸಿ ಇಳಿಯಬೇಡಿ, ಮಂಡಿ ಮಡಚಿ ಇಳಿಯಿರಿ. ಕಾಲು ಅಗಲಿಸಿದಷ್ಟೂ ಮಡಚುವ ಕೆಲಸ ಕಡಿಮೆ. ಕೈಗಳು ಮೈಗೆ ಹತ್ತಿರವಿರಲಿ. ಕ್ಯಾಚರ್‌ನ ಬೆನ್ನಿನ ಮೇಲೆ ಕೈ ಊರುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಇನ್ನು ಸೊಂಟನೋವು. ಎಸೆತ ಎಸೆತದ ನಡುವೆ ನೀವು ಪೂರ್ತಿ ಎದ್ದು ನಿಲ್ಲುತ್ತಿಲ್ಲ ಎಂದು ನನ್ನ ಊಹೆ. ಪ್ರತಿ ತೀರ್ಪಿನ ನಂತರ ನೆಟ್ಟಗೆ ನಿಂತು ಉಸಿರು ಬಿಡಿ. ಪಿಚರ್ ಕೈ ಬೀಸಲು ಶುರು ಮಾಡಿದಾಗ ಇಳಿಯಿರಿ, ಚೆಂಡು ಕೈಬಿಡುವ ಹೊತ್ತಿಗೆ ಕಲ್ಲಿನಂತೆ ನಿಂತಿರಿ. ಮಹಿಳಾ ಫಾಸ್ಟ್‌ಪಿಚ್‌ನಲ್ಲಿ ಪಿಚರ್‌ನ ಪಟ್ಟಿಯಿಂದ ಪ್ಲೇಟ್‌ಗೆ 43 ಅಡಿ ಮಾತ್ರ. ವೇಗದ ಎಸೆತ ಅರ್ಧ ಸೆಕೆಂಡಿನೊಳಗೆ ಬಂದು ಮುಟ್ಟುತ್ತದೆ. ಅಷ್ಟರಲ್ಲಿ ನಿಮ್ಮ ತಲೆಯೂ ಅಲ್ಲಾಡಿದರೆ ಚೆಂಡು ಏರಿತೋ, ನೀವೇ ಇಳಿದಿರೋ ತಿಳಿಯದು. ತಲೆ ತಿರುಗಿಸದೆ ಕಣ್ಣಿನಲ್ಲೇ ಚೆಂಡನ್ನು ಮಿಟ್‌ವರೆಗೂ (ಕ್ಯಾಚರ್‌ನ ಕೈಗವಸಿನವರೆಗೂ) ಹಿಂಬಾಲಿಸಿ. ಮುಖ ತಿರುಗಿಸಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವೂ ಉಂಟು: ಮಾಸ್ಕ್ ಕಾಯುವುದು ಮುಂಭಾಗವನ್ನು, ಕಿವಿಯನ್ನಲ್ಲ.

ಮಿಟ್ ಎಲ್ಲಿ ನಿಂತಿತು ಎಂದು ನೋಡಿ ತೀರ್ಪು ಕೊಡುವವರು ಬಹಳ. ಕ್ಯಾಚರ್ ಚೆಂಡು ಹಿಡಿಯುವುದು ಪ್ಲೇಟ್ ದಾಟಿದ ಮೇಲೆ. ಒಳ್ಳೆಯ ಡ್ರಾಪ್ ಬಾಲ್ (ಕೊನೆಯಲ್ಲಿ ಕೆಳಗಿಳಿಯುವ ಎಸೆತ) ಪ್ಲೇಟ್ ಮೇಲೆ ಝೋನ್‌ನಲ್ಲೇ ಹಾದು, ಮಿಟ್ ಸೇರುವಾಗ ನೆಲಕ್ಕೆ ತಾಗುವಂತಿರುತ್ತದೆ. ಅದು ಸ್ಟ್ರೈಕೇ. ಚೆಂಡು ಮಿಟ್ ಸೇರಿದ ಮೇಲೆ ಅದು ಬಂದ ದಾರಿಯನ್ನು ಒಂದು ಕ್ಷಣ ಮನಸ್ಸಿನಲ್ಲಿ ನೋಡಿಕೊಂಡು ಆಮೇಲೆ ಬಾಯಿ ಬಿಡಿ. ಆ ಒಂದು ಕ್ಷಣವನ್ನು ಯಾರೂ ತಡ ಎನ್ನುವುದಿಲ್ಲ.

ಕ್ಯಾಚರ್ ಒಳಗೆ ಸರಿದು ಸಂದು ಮುಚ್ಚಿದಾಗ ಬಹುತೇಕರು ಕ್ಯಾಚರ್‌ನ ಇನ್ನೊಂದು ಭುಜದ ಕಡೆಗೆ ಜಾರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಮೂಲೆ ಕೈಬಿಟ್ಟುಹೋಗುತ್ತದೆ, ಜೊತೆಗೆ ಫೌಲ್ ಚೆಂಡಿಗೆ (ಬ್ಯಾಟ್‌ಗೆ ತಾಗಿ ಗೆರೆಯಾಚೆ ಸಿಡಿಯುವ ಚೆಂಡಿಗೆ) ಮೈಯೊಡ್ಡಿದಂತಾಗುತ್ತದೆ. ಪಕ್ಕಕ್ಕಲ್ಲ, ಮೇಲಕ್ಕೆ ಹೋಗಿ. ಬೇಕಾದರೆ ಚೂರು ಹಿಂದೆ ಸರಿದು ಹೆಲ್ಮೆಟ್ ಮೇಲಿಂದ ನೋಡಿ. ತಗ್ಗಿನ ಅಂಚು ಸ್ವಲ್ಪ ಮಸುಕಾಗುವುದು ನಿಜ, ಆದರೆ ಪ್ಲೇಟ್‌ನ ಎರಡೂ ಅಂಚು ಉಳಿಯುತ್ತವೆ. ಈ ಹೊಂದಾಣಿಕೆಯೆಲ್ಲ ಚೆಂಡು ಕೈಬಿಡುವ ಮೊದಲೇ ಮುಗಿದಿರಬೇಕು.

ಸ್ಲೋಪಿಚ್‌ಗೆ ಕರೆ ಬಂದರೆ ಇದೇ ಭಂಗಿ ಒಯ್ಯಬೇಡಿ. ಅಲ್ಲಿ ಚೆಂಡು ಕಮಾನಿನಂತೆ ಮೇಲಿಂದ ಇಳಿಯುತ್ತದೆ. ಇನ್ನೂ ನೆಟ್ಟಗೆ, ತುಸು ಹಿಂದೆ ನಿಲ್ಲಬೇಕು.

ಪ್ರಶ್ನೆ: ಮೇಲಕ್ಕೆ ಹಾರಿದ ಫೌಲ್ ಚೆಂಡಿಗೆ ಕ್ಯಾಚರ್ ಎದ್ದಾಗ ಎರಡು ಸಲ ಡಿಕ್ಕಿ ಹೊಡೆದೆ. ಹೋಮ್ ಪ್ಲೇಟ್‌ನಲ್ಲಿ ಟ್ಯಾಗ್ ಆಗುವಾಗಲೂ (ಚೆಂಡಿರುವ ಗ್ಲೌಸ್‌ನಿಂದ ಓಟಗಾರರನ್ನು ಮುಟ್ಟಿ ಔಟ್ ಮಾಡುವಾಗಲೂ) ಯಾರದಾದರೂ ಬೆನ್ನೇ ಅಡ್ಡ ಬರುತ್ತದೆ.

ಉತ್ತರ: ಚೆಂಡನ್ನು ಹುಡುಕಬೇಡಿ, ಕ್ಯಾಚರ್‌ನ ಭುಜ ನೋಡಿ. ಭುಜ ಯಾವ ಕಡೆ ತಿರುಗಿತೋ ಆ ಕಡೆಯ ಕಾಲನ್ನು ಹಿಂದಕ್ಕೆ ತೆಗೆದು, ಬಾಗಿಲು ತೆರೆದಂತೆ ದಾರಿ ಬಿಡಿ. ಎಡಗೈಯಲ್ಲಿ ಮಾಸ್ಕ್ ತೆಗೆದು ಆಮೇಲೆ ಹಿಂಬಾಲಿಸಿ. ಬಲಗೈ ಸನ್ನೆಗೆ ಬೇಕು. ಟ್ಯಾಗ್‌ಗೆ 10–12 ಅಡಿ ದೂರ ಸಾಕು. ಹತ್ತಿರ ನುಗ್ಗಿದರೆ ಕಾಣುವುದು ಕಡಿಮೆಯೇ. ಓಟಗಾರ ಮತ್ತು ಗ್ಲೌಸ್ ನಡುವಿನ ಖಾಲಿ ಜಾಗ ನಿಮ್ಮ ಕಣ್ಣಿಗೆ ಬೀಳುವಂತೆ ನಿಲ್ಲಿ. ಎಸೆತ ಅಡ್ಡಾದಿಡ್ಡಿ ಬಂದು ಕ್ಯಾಚರ್ ಸರಿದರೆ ನೀವೂ ಒಂದೆರಡು ಹೆಜ್ಜೆ ಸರಿಯಿರಿ. ಟ್ಯಾಗ್ ಆಗುವ ಗಳಿಗೆಯಲ್ಲಿ ಮಾತ್ರ ಕಾಲು ನೆಲಕ್ಕೆ ಊರಿರಲಿ.